ಕಾದ ಕಲ್ಲು, ತೂತು ಸಾಕ್ಸು

ಶ್ರೀಲಂಕಾದ ಹಳೆಯ ಬೌದ್ಧ ಗುಡಿಗಳನ್ನು ನೋಡಲು ಹೊರಟವರು ಇತಿಹಾಸ ಓದದೆ ಹೋದರೂ ನಡೆದೀತು, ಒಂದು ಜೊತೆ ದಪ್ಪ ಸಾಕ್ಸ್ ಮಾತ್ರ ಬೇಕೇ ಬೇಕು. ಚಪ್ಪಲಿ ಬಿಡಿ, ಟೋಪಿ ತೆಗೆಯಿರಿ, ಭುಜ ಮೊಣಕಾಲು ಮುಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ಅಂಗಾಲಿನ ಗತಿ ಏನು ಅಂತ ಯಾರೂ ಹೇಳಲ್ಲ.

ದಂಬುಲ್ಲದ ಗುಹಾ ಗುಡಿಗಳಿಗೆ ನಮ್ಮ ಇಂಜಿನಿಯರ್ ಗೆಳೆಯ ಚಡ್ಡಿಯಲ್ಲೇ ಬಂದಿದ್ದ. ಬಾಗಿಲಲ್ಲಿ ತಡೆದರು. ಹೊರಗೆ ಹೋಗಿ ಆನೆ ಚಿತ್ರದ ಲುಂಗಿ ಕೊಂಡ, ಆದರೆ ಉಡಲು ಬರಬೇಕಲ್ಲ! ಹುಟ್ಟಿದ್ದು ಮಂಡ್ಯದಲ್ಲಿ, ಬೆಳೆದದ್ದು ಬರ್ಮುಡಾದಲ್ಲಿ. ಕೊನೆಗೆ ಕ್ಯಾಮೆರಾ ಬ್ಯಾಗಿನ ಪಟ್ಟಿ ಬಿಚ್ಚಿ ಸೊಂಟಕ್ಕೆ ಬಿಗಿದೆವು. ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ವಲಗಂಬ ರಾಜ ರಾಜ್ಯ ಕಳೆದುಕೊಂಡು ಇಲ್ಲಿಯೇ ತಲೆಮರೆಸಿಕೊಂಡಿದ್ದನಂತೆ. ನಮ್ಮವನು ಲುಂಗಿ ಕಳೆದುಕೊಳ್ಳುವುದರಲ್ಲಿದ್ದ. ಐದು ಗುಹೆಗಳ ಚಿತ್ತಾರವನ್ನೂ ಒಂದು ಕೈ ಸೊಂಟದ ಮೇಲಿಟ್ಟೇ ನೋಡಿದ.

ಇನ್ನೊಬ್ಬನದು ಸೆಲ್ಫಿ ಸಂಕಟ. ಬುದ್ಧನಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವಂತಿಲ್ಲ. ಅವನು ಅಡ್ಡಡ್ಡ ತಿರುಗಿ, ಕತ್ತು ಹೊರಳಿಸಿ ಪ್ರಯತ್ನಪಟ್ಟ. ಸಿಕ್ಕಿದ್ದು ಒಂದು ಕಿವಿ, ಅದೂ ಅವನದೇ.

ಹಳೆಯ ರಾಜಧಾನಿ ಪೊಲೊನ್ನರುವದಲ್ಲಿ ನಡುಮಧ್ಯಾಹ್ನ. ವಟದಾಗೆ ಎಂಬ ದುಂಡನೆಯ ಗುಡಿಯ ಕಲ್ಲುಹಾಸು ಕಾದ ಕಾವಲಿಯಂತಿತ್ತು. ಗೈಡ್ ಅಣ್ಣ ಬರಿಗಾಲಲ್ಲಿ ನಿಂತು ಮೆಟ್ಟಿಲ ಬುಡದ ಅರ್ಧಚಂದ್ರಾಕಾರದ ಚಂದ್ರಶಿಲೆಯ ಕೆತ್ತನೆಯನ್ನು ಸಾವಧಾನವಾಗಿ ವಿವರಿಸುತ್ತಿದ್ದರೆ, ನಾವು ಒಂದು ಕಾಲೆತ್ತಿ ಒಂದು ಕಾಲಿಟ್ಟು ಯಕ್ಷಗಾನದ ಪ್ರವೇಶ ಮಾಡುತ್ತಿದ್ದೆವು. ನೆರಳಿದ್ದ ಕಡೆ ಮಾತ್ರ ಇತಿಹಾಸ ತಲೆಗೆ ಹೋಯಿತು. ಸಾಕ್ಸ್ ತಂದಿದ್ದವನೊಬ್ಬನೇ ಜಂಬದಿಂದ ನಡೆದ. ಅರ್ಧ ಗಂಟೆಯಲ್ಲಿ ಅವನ ಹೆಬ್ಬೆರಳೂ ಹೊರಗೆ ಬಂದು ದರ್ಶನ ಪಡೆಯಿತು.

ಅದೇ ಊರಿನ ಗಲ್ ವಿಹಾರ ಬಂದಾಗ ಮಾತ್ರ ಎಲ್ಲರ ಬಾಯಿ ಮುಚ್ಚಿತು. 12ನೇ ಶತಮಾನದಲ್ಲಿ ರಾಜ ಪರಾಕ್ರಮಬಾಹು ಒಂದೇ ಬಂಡೆಯಲ್ಲಿ ಕೆತ್ತಿಸಿದ ವಿಗ್ರಹಗಳು. ಮಲಗಿದ ಬುದ್ಧ ಸುಮಾರು 14 ಮೀಟರ್ ಉದ್ದ. ತಲೆ ಭಾರಕ್ಕೆ ದಿಂಬು ತಗ್ಗಿದ್ದನ್ನೂ ಶಿಲ್ಪಿ ಬಿಟ್ಟಿಲ್ಲ. ಗೈಡ್ ಪಾದ ತೋರಿಸಿದ: “ಎರಡೂ ಪಾದ ಸಮನಾಗಿದ್ದರೆ ವಿಶ್ರಾಂತಿ. ಇಲ್ಲಿ ಮೇಲಿನ ಪಾದ ಸ್ವಲ್ಪ ಹಿಂದೆ ಸರಿದಿದೆ ನೋಡಿ, ಇದು ಪರಿನಿರ್ವಾಣ, ಅಂದರೆ ಬುದ್ಧನ ದೇಹತ್ಯಾಗ.”

ತಿರುಗಿ ನೋಡಿದರೆ ಲುಂಗಿಯವನು ಮರದ ಕೆಳಗೆ ಅಡ್ಡಾಗಿದ್ದ. ಸಾಕ್ಸಿನವನು ಗಾಬರಿಯಿಂದ ಓಡಿ, ಬಗ್ಗಿ ಅವನ ಪಾದ ಪರೀಕ್ಷಿಸಿ ಕೂಗಿದ: “ಸಮ ಇದೆ ಕಣ್ರೋ, ಬರೀ ನಿದ್ದೆ!”