"ಟೆಸ್ಟಲ್ಲಿ ಸಿಗಲ್ಲ ಅಂಕಲ್"

ಗೆಳೆಯನ ಮಗ ಮೊನ್ನೆ ವಾದಕ್ಕೇ ಕೂತ. "ಅಂಕಲ್, ಆ ನಶೆ ಪೊಟ್ಟಣ ಬ್ಯಾನ್ ಆಗಿಲ್ಲ, ಲೀಗಲ್ಲು. ಅಷ್ಟು ಡೇಂಜರ್ ಆಗಿದ್ರೆ ಸುಮ್ನೆ ಬಿಡ್ತಿದ್ರಾ? ಡ್ರಗ್ ಟೆಸ್ಟಲ್ಲೂ ಸಿಗಲ್ಲ."

ಬಿಡ್ತಾರೆ ಕಣೋ ಅಂದೆ. ನಿಷೇಧಿಸೋಕೆ ಮೊದಲು ಆ ವಸ್ತುವಿನ ಹೆಸರಾದರೂ ಗೊತ್ತಿರಬೇಕಲ್ಲ!

ಈ 'ಲೀಗಲ್ ಹೈ', ಅಂದರೆ ಕಾನೂನಿನ ಕೈಗೆ ಇನ್ನೂ ಸಿಗದ ಅಮಲು, ದಂಧೆಯ ಆಟವೇ ಅದು. ಒಂದಕ್ಕೆ ನಿಷೇಧ ಬಿತ್ತೋ, ಅಣುವಿನ ಒಂದು ತುಣುಕು ಬದಲಿಸಿ ಇನ್ನೊಂದನ್ನು ಇಳಿಸುತ್ತಾರೆ. ಪೊಟ್ಟಣದ ಮೇಲೆ 'ಗಿಡದ ಗೊಬ್ಬರ', 'ಮನುಷ್ಯರ ಸೇವನೆಗಲ್ಲ' ಅಂತ ಅಚ್ಚು. ತಪ್ಪಿಸಿಕೊಳ್ಳೋಕೆ ಬರೆದದ್ದಾದರೂ ಎರಡನೆಯ ಮಾತು ಸತ್ಯ. ಬ್ರಿಟನ್ 2010ರಲ್ಲಿ ಮೆಫೆಡ್ರೋನ್ ಎಂಬ ಅಮಲಿನ ಪುಡಿಯನ್ನು ನಿಷೇಧಿಸಿತು, ಬೇರೆ ಪುಡಿಗಳು ಬಂದವು. ಬೆನ್ನಟ್ಟಿ ಸುಸ್ತಾಗಿ 2016ರಲ್ಲಿ, ಅಮಲೇರಿಸುವ ಯಾವುದನ್ನೂ ಮಾರುವಂತಿಲ್ಲ ಅಂತಲೇ ಕಾನೂನು ತಂದಿತು. (ಮದ್ಯ, ತಂಬಾಕಿಗೆ ವಿನಾಯಿತಿ ಅನ್ನಿ.)

ಅವನ ಮನಸ್ಸಿನಲ್ಲಿದ್ದದ್ದು 'ಸ್ಪೈಸ್'. ಗಾಂಜಾದಂಥದ್ದೇ ಅಂತ ಅವನ ನಂಬಿಕೆ. ಅಲ್ಲ. ಯಾವುದೋ ಒಣ ಎಲೆಗೆ ರಾಸಾಯನಿಕ ಸಿಂಪಡಿಸಿರುತ್ತಾರೆ. ಒಂದು ಚಿಟಿಕೆಯಲ್ಲಿ ಏನೂ ಇರಲಿಕ್ಕಿಲ್ಲ, ಅದೇ ಪೊಟ್ಟಣದ ಇನ್ನೊಂದು ಚಿಟಿಕೆ ಆಳನ್ನು ಕೆಡವಬಹುದು. ಗಾಂಜಾದಲ್ಲಿ ಅಮಲೇರಿಸುವ ಟಿಎಚ್‌ಸಿ, ಮಿದುಳಿನಲ್ಲಿ ತಾನು ಹೋಗಿ ಕೂರುವ ಗ್ರಾಹಕವನ್ನು (ರಿಸೆಪ್ಟರ್) ಅರ್ಧಂಬರ್ಧ ಕೆಣಕಿದರೆ, ಇವುಗಳಲ್ಲಿ ಹೆಚ್ಚಿನವು ಪೂರ್ತಿ ಕೆಣಕುತ್ತವೆ. ಫಿಟ್ಸ್, ಹುಚ್ಚು ಭ್ರಮೆ, ಕಿಡ್ನಿ ಕೈಕೊಡುವುದು ಎಲ್ಲ ವೈದ್ಯರು ಕಂಡದ್ದೇ. 2018ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಇಂಥ ಮಾಲಿನಲ್ಲಿ ಇಲಿ ಪಾಷಾಣ ಬೆರೆತಿತ್ತು. ನೂರೈವತ್ತಕ್ಕೂ ಹೆಚ್ಚು ಜನ ವಸಡಿನಿಂದ, ಮೂಗಿನಿಂದ, ಮೂತ್ರದಲ್ಲಿ ರಕ್ತ ಸುರಿಸಿಕೊಂಡು ಆಸ್ಪತ್ರೆಗೆ ಬಂದರು. ಕೆಲವರು ಸತ್ತರು. ಆ ವಿಷ ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಬದುಕಿದವರಿಗೆ ಅಷ್ಟೂ ಕಾಲ, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಮಾತ್ರೆ.

ಬಲೂನಿಗೆ ತುಂಬಿ ಎಳೆಯುವ ನಗೆ ಅನಿಲವೂ (ನೈಟ್ರಸ್ ಆಕ್ಸೈಡ್) ಸಾಧುವಲ್ಲ. ಪದೇ ಪದೇ ಎಳೆದರೆ ದೇಹದ ಬಿ12 ಕೆಲಸಕ್ಕೆ ಬಾರದಂತಾಗುತ್ತದೆ. ಮೊದಲು ಪಾದ ಜುಮ್ಮೆನ್ನುತ್ತದೆ, ಆಮೇಲೆ ಬೆನ್ನುಹುರಿ ಕೆಟ್ಟು ನಡಿಗೆ ತಪ್ಪುತ್ತದೆ.

ಇನ್ನು 'ಟೆಸ್ಟಲ್ಲಿ ಸಿಗಲ್ಲ' ಅನ್ನೋದು. ನಾನು ಲ್ಯಾಬಿನವನು, ಡ್ರಗ್ ಟೆಸ್ಟಿನ ಪಟ್ಟಿಗಳನ್ನು ಮೂತ್ರಕ್ಕೆ ಅದ್ದುವುದೇ ನನ್ನ ಕೆಲಸ. ಗೆರೆ ಮೂಡಿದರೆ ನೆಗೆಟಿವ್. ಸ್ಪೈಸ್ ಎಳೆದವನದಾದರೆ ಗಾಂಜಾ, ಅಫೀಮು, ಕೊಕೇನ್, ಎಲ್ಲ ಗೆರೆಗಳೂ ಚೊಕ್ಕಟವಾಗಿ ಮೂಡುತ್ತವೆ. ಅತ್ತ ಹಾಸಿಗೆಯಲ್ಲಿ ಹುಡುಗ ಅದುರುತ್ತಿರುತ್ತಾನೆ. ಡಾಕ್ಟರು ನನ್ನ ಮುಖ ನೋಡುತ್ತಾರೆ, ನಾನು ಪಟ್ಟಿ ನೋಡುತ್ತೇನೆ. ಅಫೀಮಿನ ಜಾತಿಯದಾದರೆ ನಲೋಕ್ಸೋನ್ ಇದೆ. ಸ್ಪೈಸ್‌ಗೆ ಅಂಥ ಪ್ರತಿಮದ್ದಿಲ್ಲ. ಫಿಟ್ಸ್ ತಡೆಯುತ್ತಾ, ಉಸಿರು ಕಾಯುತ್ತಾ ಕೂರಬೇಕು. ಜೊತೆಗೆ ಬಂದ ಗೆಳೆಯರನ್ನು ಕೇಳಿದರೆ, ಪೊಟ್ಟಣ ಹೆದರಿ ಎಸೆದುಬಿಟ್ಟಿರುತ್ತಾರೆ.

ಇಷ್ಟು ಹೇಳಿದ ಮೇಲೆ ಹುಡುಗ ಮೊಬೈಲ್ ಕೆಳಗಿಟ್ಟ. "ಪೊಟ್ಟಣ ತಂದುಕೊಟ್ರೆ ಪೊಲೀಸರಿಗೆ ಹೇಳ್ತೀರಾ ಅಂಕಲ್?" ಅಂತ ಕೇಳಿದ. ಯಾರ ಪೊಟ್ಟಣ ಅಂತ ನಾನು ಕೇಳಲಿಲ್ಲ.