ರೇಡಿಯೊ ಕೆಲಸವನ್ನು ಬದಿಗೆ ಸರಿಸಬೇಡಿ

ಮಕ್ಕಳಿಗೆ ಕತೆ ಬರೆದು, ಚಿತ್ರ ಬರೆದು, ರೇಡಿಯೊದಲ್ಲೂ ಕತೆ ಹೇಳುತ್ತಿದ್ದವರ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ‘ಬರಹ, ಚಿತ್ರ ಅವರ ನಿಜವಾದ ಸಾಧನೆ, ರೇಡಿಯೊ ಬರೀ ಹೊಟ್ಟೆಪಾಡು’ ಎಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಾನು ಕೊಪ್ಪದ ಕಡೆಯವಳು. ನಾವು ಚಿಕ್ಕವರಿದ್ದಾಗ ಪೇಟೆಗೆ ಹೋದರೂ ಸಿಗುತ್ತಿದ್ದದ್ದು ಪಠ್ಯಪುಸ್ತಕ ಮಾತ್ರ. ಅವರ ಕತೆ ನಮಗೆ ಮೊದಲು ಸಿಕ್ಕಿದ್ದು ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್‌ನಲ್ಲಿ. ಮಳೆಗಾಲ, ಕರೆಂಟಿಲ್ಲ, ಅಜ್ಜಿ ಟ್ರಾನ್ಸಿಸ್ಟರ್ ಸೆಲ್ಲುಗಳನ್ನು ಒಲೆ ದಂಡೆಯ ಮೇಲೆ ಬೆಚ್ಚಗೆ ಮಾಡಿ ಮತ್ತೆ ಹಾಕುತ್ತಿದ್ದರು. ಆ ಗೊರಗೊರ ಸದ್ದಿನ ನಡುವೆ ರೇಡಿಯೊದಲ್ಲಿ ಅವರು ‘ಆನೆ ಬಾಗಿಲಲ್ಲಿ ಸಿಕ್ಕಿಕೊಂಡಿತು’ ಅಂತ ಹೇಳಿ ಒಂದು ಗಳಿಗೆ ಸುಮ್ಮನಾಗುತ್ತಿದ್ದರು, ಅಷ್ಟರಲ್ಲಿ ಆನೆಯ ಬೆನ್ನು, ಬಾಲ, ಬಾಗಿಲಿನ ಚಿಲಕ ಎಲ್ಲಾ ನಮ್ಮ ಕಣ್ಣಿಗೆ ಕಂಡುಬಿಡುತ್ತಿತ್ತು. ಚಿತ್ರ ಬರೆಯುವ ಕೈ ಇದ್ದದ್ದಕ್ಕೇ ಹಾಗೆ ಹೇಳಲು ಬಂತು ಅಲ್ವಾ?

ಆಮೇಲಿನ ಪುಸ್ತಕಗಳಲ್ಲಿ ವಾಕ್ಯ ಅಷ್ಟು ಚಿಕ್ಕದಾದದ್ದೂ ಮೈಕ್ ಕಲಿಸಿದ್ದೇ. ಗಟ್ಟಿಯಾಗಿ ಓದಿ ನೋಡಿ, ಎಲ್ಲೂ ಉಸಿರು ಕಟ್ಟುವುದಿಲ್ಲ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ಶುರು ಮಾಡಿದ್ದನ್ನು ಇವತ್ತಿಗೂ ಹೆಮ್ಮೆಯಿಂದ ನೆನೆಯುತ್ತೇವೆ, ಹಾಗಿದ್ದಮೇಲೆ ಅಂಥದೇ ಮೈಕ್ ಮುಂದೆ ಕೂತು ಮಕ್ಕಳಿಗೆ ಕತೆ ಹೇಳಿದ್ದು ಯಾಕೆ ಸಣ್ಣ ಕೆಲಸವಾಗಬೇಕು?

ಆಗ ಸ್ಪೂಲ್ ಟೇಪು ದುಬಾರಿ. ಹಳೆಯದನ್ನು ಅಳಿಸಿ ಅದರ ಮೇಲೇ ಮತ್ತೆ ರೆಕಾರ್ಡ್ ಮಾಡುತ್ತಿದ್ದರು, ಹಾಗಾಗಿ ಪುಸ್ತಕ ಉಳಿಯಿತು, ದನಿ ಹೋಯಿತು. ನಿಮ್ಮ ಲೇಖನದಲ್ಲಿರುವ ಅವರ ಕೃತಿಪಟ್ಟಿಯಲ್ಲಿ ಒಂದೂ ರೇಡಿಯೊ ಕಾರ್ಯಕ್ರಮ ಇಲ್ಲದಿರುವುದು ಅದಕ್ಕೇ ಇರಬೇಕು. ಯಾರ ಮನೆಯಲ್ಲಾದರೂ ಕ್ಯಾಸೆಟ್‌ಗೆ ಇಳಿಸಿಕೊಂಡದ್ದು ಇದ್ದರೆ ದಯವಿಟ್ಟು ಇಲ್ಲಿ ತಿಳಿಸಿ.