ಕೋಪೆನಿಕ್‌ನ ಕಾಡಂಚಿನ ಕ್ರೀಡಾಂಗಣ

ಬರ್ಲಿನ್ ನಗರದ ಆಗ್ನೇಯಕ್ಕೆ, ಕೋಪೆನಿಕ್‌ನ ಕಾಡಿನ ಅಂಚಿನಲ್ಲಿರುವ ಯೂನಿಯನ್ ಬರ್ಲಿನ್ ಕ್ಲಬ್ಬಿನ ಕ್ರೀಡಾಂಗಣದ ಹೆಸರು ‘ಆನ್ ಡೆರ್ ಆಲ್ಟನ್ ಫೋರ್ಸ್ಟರೈ’. ಹಳೆಯ ಅರಣ್ಯಪಾಲಕನ ಮನೆಯ ಬಳಿ ಎಂದು ಅದರ ಅರ್ಥ. ಅಲ್ಲಿ 22,012 ಮಂದಿಗೆ ಜಾಗವಿದ್ದು, ಕುರ್ಚಿಗಳಿರುವುದು 3,617 ಮಾತ್ರ. ಮಿಕ್ಕವರೆಲ್ಲ ಕಾಂಕ್ರೀಟ್ ಮೆಟ್ಟಿಲುಗಳ ಮೇಲೆ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತೇ ಆಟ ನೋಡುತ್ತಾರೆ. ಇದನ್ನು ಬಡತನದ ಗುರುತು ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಜರ್ಮನಿಯ ಫುಟ್‌ಬಾಲ್ ಉಳಿಸಿಕೊಂಡಿರುವ ದೊಡ್ಡ ಆಸ್ತಿಯೇ ಇದು.

ಹೀಗೆ ಹೇಳುವುದಕ್ಕೆ ಆ ಮೆಟ್ಟಿಲುಗಳ ಇತಿಹಾಸವೇ ಕಾರಣ. 2008ರ ಹೊತ್ತಿಗೆ ಅವು ಶಿಥಿಲವಾಗಿದ್ದವು, ಅವನ್ನು ದುರಸ್ತಿ ಮಾಡಿಸುವಷ್ಟು ಹಣ ಕ್ಲಬ್ಬಿನ ಬಳಿ ಇರಲಿಲ್ಲ. ಆಗ ಎರಡು ಸಾವಿರಕ್ಕೂ ಹೆಚ್ಚು ಬೆಂಬಲಿಗರು ತಾವೇ ಕೆಲಸಕ್ಕೆ ಇಳಿದರು. ಬಿಡುವಿನ ದಿನಗಳಲ್ಲಿ ಬಂದು, ಹಳೆಯದನ್ನು ಒಡೆದು, ಹೊಸ ಮೆಟ್ಟಿಲು ಕೂರಿಸಿ, ಚಾವಣಿ ಏರಿಸುವವರೆಗೆ ಅವರು ಕೂಲಿ ಪಡೆಯದೆ ದುಡಿದದ್ದು ಸುಮಾರು 1,40,000 ಗಂಟೆ. ಆ ಒಂದು ಋತುವಿನಲ್ಲಿ ತಂಡ ತನ್ನ ತವರಿನ ಪಂದ್ಯಗಳನ್ನು ಬೇರೆ ಮೈದಾನದಲ್ಲಿ ಆಡಿತು. ಅದು ಹಿಂದೆ ಯೂನಿಯನ್‌ನ ಬದ್ಧವೈರಿ ಡೈನಮೋ ಗೆದ್ದು ಮೆರೆದಿದ್ದ ಮೈದಾನವಾಗಿತ್ತು. 2009ರ ಜುಲೈನಲ್ಲಿ ಪಶ್ಚಿಮ ಬರ್ಲಿನ್‌ನ ಹೆರ್ತಾ ತಂಡದೊಡನೆ ಸೌಹಾರ್ದ ಪಂದ್ಯ ಆಡಿ ಯೂನಿಯನ್ ಮನೆಗೆ ಮರಳಿತು. ಅಷ್ಟೆಲ್ಲ ಹೊಸದಾದರೂ ಇಟ್ಟಿಗೆಯ ಪುಟ್ಟ ಮನೆಯಂತಹ ಸ್ಕೋರ್‌ಬೋರ್ಡನ್ನು ಅವರು ಕೆಡವಲಿಲ್ಲ. ಗೋಲು ಬಿದ್ದಾಗ ಅಲ್ಲಿ ಈಗಲೂ ಒಬ್ಬರು ಕೈಯಿಂದಲೇ ಅಂಕಿಯ ಹಲಗೆ ಬದಲಿಸುತ್ತಾರೆ.

ಈ ಕ್ಲಬ್ಬಿನ ಬೇರು 1906ರಲ್ಲಿ, ಕಾರ್ಖಾನೆಗಳ ಬಡಾವಣೆಯಾದ ಓಬರ್‌ಶೋನವೈಡೆಯಲ್ಲಿ ಇದೆ. 1920ರಲ್ಲಿ ಈ ಮೈದಾನ ತೆರೆಯಿತು, ಇಂದಿನ ಹೆಸರಿನ ಕ್ಲಬ್ 1966ರಲ್ಲಿ ರೂಪುಗೊಂಡಿತು. ಲೋಹದ ಕೆಲಸಗಾರರ ತಂಡವಾದ್ದರಿಂದ ‘ಐಸರ್ನ್ ಯೂನಿಯನ್’, ಅಂದರೆ ಕಬ್ಬಿಣದಂಥ ಯೂನಿಯನ್ ಎಂಬ ಘೋಷಣೆ ಹುಟ್ಟಿತು. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಮುಖ್ಯಸ್ಥ ಎರಿಕ್ ಮೀಲ್ಕೆಯ ಕೃಪೆಯಲ್ಲಿ ಡೈನಮೋ 1979ರಿಂದ 1988ರವರೆಗೆ ಸತತ ಹತ್ತು ಬಾರಿ ಚಾಂಪಿಯನ್ ಆದರೆ, ಯೂನಿಯನ್ ಪಾಲಿಗೆ ಪೂರ್ವ ಜರ್ಮನಿ ಇದ್ದ ಇಡೀ ಕಾಲದಲ್ಲಿ ದಕ್ಕಿದ್ದು 1968ರ ಕಪ್ ಒಂದೇ. ಎದುರಾಳಿಗಳು ಫ್ರೀಕಿಕ್‌ಗೆ ಅಡ್ಡಗೋಡೆಯಾಗಿ ನಿಂತಾಗ ‘ಗೋಡೆ ತೊಲಗಬೇಕು’ ಎಂದು, ನಗರವನ್ನು ಸೀಳಿದ್ದ ಬರ್ಲಿನ್ ಗೋಡೆಗೂ ತಾಗುವಂತೆ, ಇಲ್ಲಿನವರು ಕೂಗುತ್ತಿದ್ದ ಕಥೆ ಪ್ರಸಿದ್ಧ. ಹಾಗೆಂದು ಯೂನಿಯನ್ ಬೆಂಬಲಿಗರೆಲ್ಲ ಆಡಳಿತದ ವಿರುದ್ಧ ಹೋರಾಡಿದವರೆಂದು ಹೇಳುವುದು ಅತಿಶಯೋಕ್ತಿಯಾದೀತು. ಅವರಲ್ಲಿ ಹೆಚ್ಚಿನವರು ಶನಿವಾರದ ಆಟಕ್ಕೆ ಬಂದವರು, ಮತ್ತು ಅದೇನೂ ಸಣ್ಣ ವಿಷಯವಲ್ಲ.

ಗೋಡೆ ಬಿದ್ದ ಮೇಲೆ ಕಷ್ಟ ಹೆಚ್ಚಿತು. ನಕಲಿ ಬ್ಯಾಂಕ್ ಖಾತರಿಯ ಕಾರಣಕ್ಕೆ 1993ರಲ್ಲಿ ಎರಡನೇ ದರ್ಜೆಯ ಲೀಗಿನ ಪರವಾನಗಿ ಕೈತಪ್ಪಿತು. 2004ರಲ್ಲಿ ಕ್ಲಬ್ ಮುಳುಗುವ ಸ್ಥಿತಿ ಬಂದಾಗ ಬೆಂಬಲಿಗರು ರಕ್ತದಾನ ಮಾಡಿ, ಅದಕ್ಕೆ ಸಿಕ್ಕ ಹಣವನ್ನು ಕ್ಲಬ್ಬಿಗೆ ಕೊಟ್ಟರು.

ಇಂತಹ ಪ್ರೀತಿಯನ್ನು ಹೊಗಳುವುದು ಸುಲಭ, ಅದನ್ನು ದುಡಿಸಿಕೊಂಡು ಮರೆಯುವುದು ಇನ್ನೂ ಸುಲಭ. ಆದ್ದರಿಂದಲೇ 2011ರಲ್ಲಿ ಕ್ಲಬ್ ತೆಗೆದುಕೊಂಡ ನಿರ್ಧಾರವನ್ನು ನಾನು ರಕ್ತದಾನಕ್ಕಿಂತಲೂ ಮುಖ್ಯವೆಂದು ಎಣಿಸುತ್ತೇನೆ: ಕ್ರೀಡಾಂಗಣದ ಷೇರುಗಳನ್ನು ತಲಾ 500 ಯೂರೋಗೆ ಬೆಂಬಲಿಗರಿಗೇ ಮಾರಲಾಯಿತು. ಮೆಟ್ಟಿಲು ಕಟ್ಟಿದವರಿಗೆ ಅದರ ಮೇಲೆ ಕಾಗದದಲ್ಲಿಯೂ ಹಕ್ಕು ಸಿಕ್ಕಿತು.

2019ರಲ್ಲಿ ಯೂನಿಯನ್ ಮೊದಲ ಸಲ ಜರ್ಮನಿಯ ಅತ್ಯುನ್ನತ ಲೀಗಾದ ಬುಂಡೆಸ್‌ಲೀಗಾಗೆ ಏರಿ ಲೈಪ್‌ಜಿಗ್ ವಿರುದ್ಧ ಆಡಿದ ದಿನ, ಆ ದಿನವನ್ನು ಕಾಣದೆ ತೀರಿಕೊಂಡಿದ್ದ ಅಪ್ಪ, ಅಜ್ಜ, ಗೆಳೆಯರ ದೊಡ್ಡ ಭಾವಚಿತ್ರಗಳನ್ನು ಜನ ಮೆಟ್ಟಿಲುಗಳ ಮೇಲೆ ಎತ್ತಿ ಹಿಡಿದರು. ತಂಡ 0–4ರಿಂದ ಸೋತಿತು. ಆ ಚಿತ್ರಗಳನ್ನು ಕಂಡಾಗಲೆಲ್ಲ ನನಗೆ ಈಗಲೂ ಗಂಟಲು ಕಟ್ಟುತ್ತದೆ.

2023ರಲ್ಲಿ ಯುರೋಪಿನ ಅಗ್ರ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಆಡುವ ಅವಕಾಶ ಬಂದಾಗ, ಹೆಚ್ಚು ಸದಸ್ಯರಿಗೆ ಟಿಕೆಟ್ ಸಿಗಲೆಂದು ಕ್ಲಬ್ ತನ್ನ ಪಂದ್ಯಗಳನ್ನು ಹೆರ್ತಾ ತಂಡದ ತವರಾದ ಒಲಿಂಪಿಕ್ ಕ್ರೀಡಾಂಗಣಕ್ಕೆ ಒಯ್ದಿತು. ಆ ಉದ್ದೇಶ ನನಗೆ ಅರ್ಥವಾಗುತ್ತದೆ, ಆದರೂ ರಿಯಲ್ ಮ್ಯಾಡ್ರಿಡ್ ಕೋಪೆನಿಕ್‌ಗೇ ಬಂದು ಆ ಕೈಹಲಗೆಯ ಕೆಳಗೆ ಆಡಬೇಕಿತ್ತು. ಕ್ರೀಡಾಂಗಣವನ್ನು ಹಿಗ್ಗಿಸುವ ಮಾತು ವರ್ಷಗಳಿಂದ ನಡೆದಿದೆ. ಹಿಗ್ಗಲಿ, ಆದರೆ ಒಂದೇ ಒಂದು ನಿಲ್ಲುವ ಮೆಟ್ಟಿಲನ್ನೂ ಕುರ್ಚಿಗೆ ಬಿಟ್ಟುಕೊಡಬಾರದು.